ಅಕ್ಕನ ಕೆಂಪು ಚೀಟಿ

ನಾನು ತಾಂಜಾನಿಯಾದ ಒಂದು ಕಾಡಿನಲ್ಲಿ, ಕೊಳೆತ ದಿಮ್ಮಿಯೊಳಗೆ ಹುಟ್ಟಿದ ಕೂಲಿ ಇರುವೆ. ಒಡಹುಟ್ಟಿದವರು ಎರಡು ಸಾವಿರ. ಆಗ ಯಾರ ಮೇಲೂ ನನಗೆ ಹೊಟ್ಟೆಕಿಚ್ಚಿರಲಿಲ್ಲ, ಪುರುಸೊತ್ತಿರಲಿಲ್ಲ. ಧಾರವಾಡದಿಂದ ಬಂದ ಸುಮಿತ್ರಾ ಮುತ್ತಗಿ ಎಂಬ ಸಂಶೋಧಕಿ ನಮ್ಮಲ್ಲಿ ಒಂಬತ್ತು ಮಂದಿಯನ್ನು ಸ್ಪಿರಿಟ್ ಸೀಸೆಗೆ ಹಾಕಿದಳು. ನನ್ನ ನಿಜವಾದ ಬದುಕು ಶುರುವಾದದ್ದು ಸತ್ತ ಮೇಲೆಯೇ.

ಧಾರವಾಡದ ಪ್ರಯೋಗಾಲಯದಲ್ಲಿ ನಮ್ಮನ್ನು ಕಾಗದದ ಚೂಪು ತುದಿಗೆ ಗೋಂದಿನಿಂದ ಅಂಟಿಸಿ, ಕಾಗದಕ್ಕೆ ಸೂಜಿ ಚುಚ್ಚಿ ನಿಲ್ಲಿಸಿದಳು. ಚಿಮಟಕ್ಕೆ ಸಿಕ್ಕಿ ನನ್ನದೊಂದು ಕಾಲು ಹೋಯಿತು. ಪಕ್ಕದ ಅಕ್ಕನಿಗೆ ಆರೂ ಇದ್ದವು. ಸುಮಿತ್ರಾ ಅವಳನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಮೀಸೆಯ ಗೆಣ್ಣು ಎಣಿಸಿದಳು. ಹನ್ನೊಂದು! ಅಂಥ ಇರುವೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ಹೊಸ ಜಾತಿ ಸಿಕ್ಕರೆ ಒಬ್ಬಳನ್ನು ಮಾದರಿಯೆಂದು ಆರಿಸಿ, ಅವಳ ಸೂಜಿಗೆ ಕೆಂಪು ಚೀಟಿ ಸಿಕ್ಕಿಸುತ್ತಾರೆ. ಕೆಂಪು ಅಕ್ಕನಿಗೆ ಸಿಕ್ಕಿತು, ಉಳಿದವರಿಗೆ ಹಳದಿ. ಹಳದಿ ನನಗೆ ಒಪ್ಪುವ ಬಣ್ಣವಲ್ಲ.

"ಸರ, ನಿಮ್ಮ ಹೆಸರಽ ಇಡತೀನ್ರಿ ಇದಕ್ಕ," ಎಂದಳು ಸುಮಿತ್ರಾ, ತನ್ನ ಮಾರ್ಗದರ್ಶಕ ಬೆಟಗೇರಿಯವರಿಗೆ.

"ಬ್ಯಾಡ ಬಿಡವಾ, ಮನ್ಯಾಗ ನಗತಾರ," ಎಂದರು ಅವರು. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು.

ಲೇಖನ ಅಚ್ಚಿಗೆ ಹೊರಡುವ ಮುನ್ನ ಅವರೇ ಕೇಳಿದರು: "ಉಳಿದ ಎಂಟರ ಗೆಣ್ಣೂ ಎಣಿಸೀ ಇಲ್ಲವಾ?"

"ಒಂದಽ ಗೂಡಿನವು ಅಲ್ರಿ ಸರ, ಏನ್ ಬ್ಯಾರೆ ಇರತಾವ?"

ಅವರು ಕೈಗೆ ಸಿಕ್ಕ ನನ್ನನ್ನು ಎತ್ತಿಕೊಂಡರು. ಅಂತೂ ನನ್ನ ಸರದಿ ಬಂತು! ಇದ್ದುದನ್ನೆಲ್ಲ ತೋರಿಸಿದೆ. ಮೂರು ಸಲ ಎಣಿಸಿದರು.

"ಸುಮಿತ್ರಾ, ಹನ್ನೆರಡು ಅದಾವಲ್ಲವಾ."

ಅಕ್ಕನ ಮೀಸೆಯ ಮೇಲೆ ಸುಮಿತ್ರಾ ಬಿಸಿನೀರಿನ ಹನಿ ಬಿಟ್ಟಳು. ಒಣಗಿದ ಗೋಂದು ಕರಗಿ, ಅದರಡಿ ಅಡಗಿದ್ದ ಹನ್ನೆರಡನೆಯ ಗೆಣ್ಣು ಹೊರಬಂತು. ಹನ್ನೆರಡು ಗೆಣ್ಣೆಂದ ಮೇಲೆ, ಜರ್ಮನಿಯವನೊಬ್ಬ ನೂರು ವರ್ಷದ ಹಿಂದೆಯೇ ಹೆಸರಿಟ್ಟು ಮುಗಿಸಿದ್ದ ಇರುವೆ ನಾವು. ಸುಮಿತ್ರಾಳ ಎರಡು ವರ್ಷದ ದುಡಿಮೆ ನೀರುಪಾಲಾಯಿತು. ಕಣ್ಣೊರೆಸಿಕೊಂಡು ಕೆಂಪು ಚೀಟಿ ಕಿತ್ತಳು.

"ಅಳಬ್ಯಾಡ. ಅಚ್ಚಾದ ಮ್ಯಾಲೆ ಗೊತ್ತಾಗಿದ್ರ ಇಬ್ರೂ ಅಳತಿದ್ವಿ," ಎಂದರು ಸರ್.

ನನಗೆ ಮಾತ್ರ ಹಬ್ಬ.

ಈಗ ಮುದುಕಿಯಾಗಿದ್ದೇನೆ. ಬೀರುವಿನ ತಳದ ಡ್ರಾಯರಿನಲ್ಲಿ, ನುಸಿಗುಳಿಗೆಯ ವಾಸನೆಯಲ್ಲಿ, ಅಕ್ಕನ ಪಕ್ಕವೇ ನಿಂತಿದ್ದೇನೆ. ನಮ್ಮ ಜಾತಿಯ ಅಸಲು ಮಾದರಿ ಜರ್ಮನಿಯ ಯಾವುದೋ ಸಂಗ್ರಹಾಲಯದಲ್ಲಿದ್ದಾಳಂತೆ. ಅವಳಿಗೆ ಉಳಿದಿರುವುದು ಎರಡೇ ಕಾಲಂತೆ, ತಲೆಯನ್ನೂ ಮತ್ತೆ ಅಂಟಿಸಿದ್ದಂತೆ. ಆದರೂ ದೇಶದೇಶಗಳಿಂದ ಅವಳನ್ನೇ ನೋಡಲು ಬರುತ್ತಾರಂತೆ. ಅಕ್ಕನೂ ನಾನೂ ದಿನವಿಡೀ ಆ ಮುದುಕಿಯ ಮೇಲೆ ಹೊಟ್ಟೆ ಉರಿದುಕೊಳ್ಳುತ್ತೇವೆ. ನಾವಿಬ್ಬರೂ ಒಂದಾದದ್ದು ಇದೊಂದರಲ್ಲೇ.