ಎಂಟನೇ ಕೋಟೆಯ ನೀರು

ನೂರಾ ಹನ್ನೊಂದನೇ ಹಾಳೆಯಲ್ಲಿ ಹೇಸರಗತ್ತೆಗಳ ಬೆನ್ನುಹುಣ್ಣಿನ ವರ್ಣನೆ ಕಂಡದ್ದೇ ತಡ, ಅವಳಿಗೆ ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಎದ್ದು ನಿಂತು ಮತ್ತೆ ಮೊದಲಿಂದ ಓದಿದಳು. ಪತ್ರಾಗಾರದ ಮೇಲ್ವಿಚಾರಕ ಕನ್ನಡಕದ ಮೇಲಿಂದ ನೋಡಿ, ಇಲಿ ಕಂಡರೆ ಹೆದರಬೇಡಿ, ಅವು ಇಲ್ಲಿ ಕಾಯಂ ನೌಕರರು ಎಂದ. ಇಲಿಯಲ್ಲ, ಕೋಟೆ ಎಂದಳು ಅವಳು.

ಕೋಟೆ ಅವಳ ಸೋದರಮಾವನದು. ಅಂದರೆ ಕಟ್ಟಿಸಿದ್ದಲ್ಲ, ಹುಡುಕಿದ್ದು. ಭೂಮಾಪನ ಇಲಾಖೆಯಿಂದ ನಿವೃತ್ತರಾದ ಮೇಲೆ ಮಾವ ಹನ್ನೊಂದು ವರ್ಷ ಗಡಿಯುದ್ದಕ್ಕೂ ಅಲೆದು, ಯಾರಿಗೂ ಬೇಡವಾದ ಒಂಬತ್ತು ಪುಟ್ಟ ಕೋಟೆಗಳ ಮೇಲೆ ಪುಸ್ತಕ ಬರೆದಿದ್ದರು. ಅದು ಅಚ್ಚಾಗಬೇಕಿದ್ದ ಮುದ್ರಣಾಲಯದಲ್ಲಿ ಅವಳು ಕರಡು ತಿದ್ದುವವಳು. ಹಸ್ತಪ್ರತಿ ಅವಳ ಕೈಗೇ ಹೋಗಲಿ ಎಂದು ಹಟ ಹಿಡಿದವರೂ ಮಾವನೇ. ಮನೆಯ ಹುಡುಗಿ, ಕಣ್ಣುಮುಚ್ಚಿ ದಾಟಿಸುತ್ತಾಳೆ ಎಂಬ ನಂಬಿಕೆ. ಮನೆಯ ಹುಡುಗಿ ಎಂಟನೇ ಕೋಟೆಗೆ ಬಂದಾಗ ಕಣ್ಣು ಬಿಟ್ಟಳು.

ಎಂಟನೆಯದಕ್ಕೆ ಮಾವ ಮೂರು ಪುಸ್ತಕಗಳ ಆಧಾರ ಕೊಟ್ಟಿದ್ದರು. ಮೂರರಲ್ಲೂ ಏಳು ಬುರುಜು, ಪೂರ್ವಕ್ಕೆ ಬಾಗಿಲು, ಒಳಗೊಂದು ಸಿಹಿನೀರಿನ ಬಾವಿ. ಅದೇ ಮಾತು, ಅದೇ ಕ್ರಮ. ಕೆದಕಿ ನೋಡಿದರೆ ಎರಡನೆಯವನು ಮೊದಲನೆಯವನಿಂದ ಎತ್ತಿದ್ದ, ಮೂರನೆಯವನು ಎರಡನೆಯವನಿಂದ. ಮೊದಲನೆಯವನೋ ಗಡಿಯ ಕಡೆ ತಲೆ ಹಾಕಿಯೂ ಮಲಗಿದವನಲ್ಲ. "ಮಾವ, ಇವು ಮೂರು ಸಾಕ್ಷಿ ಅಲ್ಲ. ಒಬ್ಬನೇ ಮೂರು ಅಂಗಿ ಬದಲಾಯಿಸಿಕೊಂಡು ಬಂದಿದಾನೆ," ಎಂದುಬಿಟ್ಟಿದ್ದಳು. ಮಾವ ಕಣ್ಣಾರೆ ಕಂಡದ್ದು ಗುಡ್ಡದ ನೆತ್ತಿಯಲ್ಲಿ ಒಂದು ಕಲ್ಲುರಾಶಿ, ಅದರ ಮಧ್ಯೆ ಒಂದು ಗುಂಡಿ. ಹಾಳುಬಿದ್ದ ಕುರಿದೊಡ್ಡಿಯೂ ಹಾಗೇ ಕಾಣುತ್ತದೆ. ಗುರುವಾರ ಸಂಜೆ ಐದರೊಳಗೆ ಗಟ್ಟಿ ಆಧಾರ ಬರದಿದ್ದರೆ ಎಂಟನೇ ಅಧ್ಯಾಯ ಕಿತ್ತುಹಾಕಿ ಅಚ್ಚಿಗೆ ಕಳಿಸುವುದಾಗಿ ಮುದ್ರಣಾಲಯದ ಯಜಮಾನ ಹೇಳಿದ್ದ. ಇವತ್ತು ಗುರುವಾರ.

ಆ ಮೂರು ಅಂಗಿಯ ಮಾತು ಆಡಿದಂದಿನಿಂದ ಮಾವನ ಬಾಯಲ್ಲಿ ಅವಳು ಸಂಶಯ ಪಿಶಾಚಿ. ಎರಡು ವಾರದಿಂದ ಮಾತಿಲ್ಲ. ಫೋನು ಮಾಡಿದರೆ ಅತ್ತೆ ಎತ್ತಿಕೊಂಡು, "ನಿನ್ನ ಹತ್ರ ಮಾತಾಡಲ್ಲ ಅಂತ ನಿನಗೆ ಹೇಳು ಅಂದಿದಾರೆ ಕಣೇ. ಊಟ ಆಯ್ತಾ?" ಎನ್ನುತ್ತಿದ್ದರು. ಹನ್ನೊಂದು ವರ್ಷದ ಗೋಡೆಯಿಂದ ಒಂದು ಕಲ್ಲು ಕಿತ್ತವಳು ತಾನು. ಬೇರೆ ಕಲ್ಲು ಹುಡುಕಿ ತಂದಿಡುವುದೂ ತನ್ನ ತಲೆಗೇ ಬಂತು ಎಂದು ರಜೆ ಹಾಕಿ ಪತ್ರಾಗಾರ ಸೇರಿದ್ದಳು. ದಂಡನಾಯಕರ ಪತ್ರಗಳು ಮುಗಿದವು, ನಕ್ಷೆಗಳು ಮುಗಿದವು. ಇಂದು ಬೆಳಿಗ್ಗೆ, ಯಾರೂ ಕೇಳದ ಕಟ್ಟು ಯಾವುದಿದೆಯೋ ಅದನ್ನೇ ಕೊಡಿ ಎಂದಾಗ, ಮೇಲ್ವಿಚಾರಕ ಸೈನ್ಯದ ಪಶುವೈದ್ಯನೊಬ್ಬನ ದಿನಚರಿ ತಂದಿಟ್ಟು, ಗೆದ್ದಲೂ ಇದರ ತಂಟೆಗೆ ಹೋಗಿಲ್ಲ ಎಂದಿದ್ದ.

ಹೊಳೆ ಎರಡಾಗಿ ಒಡೆಯುವಲ್ಲಿ, ಬಲದಂಡೆಯ ಗುಡ್ಡದ ಮೇಲಿನ ಕೋಟೆಗೆ ಆ ವೈದ್ಯ ಹೋಗಿದ್ದ. ಮಾವ ಗುರುತು ಹಾಕಿದ ಜಾಗವೇ. "ಕೋಟೆಯೊಳಗೆ ನೀರಿಲ್ಲ. ದಿನಕ್ಕೆ ನಾಲ್ಕು ಬಾರಿ ಹೊಳೆಯಿಂದ ನೀರು ಹೊತ್ತು ಹನ್ನೊಂದು ಹೇಸರಗತ್ತೆಗಳ ಬೆನ್ನು ಹುಣ್ಣಾಗಿದೆ. ಬಾವಿಗೆಂದು ತೋಡಿದ ಗುಂಡಿ ಬಂಡೆ ಸಿಕ್ಕಿ ನಿಂತಿದೆ. ಸತ್ತ ಎರಡನ್ನು ಅದರಲ್ಲೇ ಹೂಳಿಸಿದೆ."

ಮೊದಲು ಅವಳ ಕಣ್ಣಿಗೆ ಬಿದ್ದದ್ದು ಒಂದೇ: ಬಾವಿ ಇಲ್ಲವಂತೆ. ಆಮೇಲೆ ತಾರೀಖು ನೋಡಿದಳು. ಆ ಮೂರು ಪುಸ್ತಕಗಳಲ್ಲಿ ಮೊದಲನೆಯದಕ್ಕೂ ಮೂವತ್ತು ವರ್ಷ ಹಿಂದಿನದು. ಬರೆಯುವ ಅವಸರಕ್ಕೆ ಪೆನ್ಸಿಲಿನ ಮೊನೆ ಎರಡು ಸಲ ಮುರಿಯಿತು. ನಕಲು ಮಾಡಿಕೊಂಡು ಮೇಲ್ವಿಚಾರಕನ ಸಹಿ ಕೇಳಿದರೆ, ಆತ ಮೊಹರಿಗೆ ಬಾಯಿಂದ ಹಬೆ ಊದುತ್ತಾ, ತನ್ನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಕತ್ತೆಗಾಗಿ ಕಣ್ಣೀರು ಹಾಕಿದವರನ್ನು ಕಂಡಿರಲಿಲ್ಲ ಎಂದ. ಅವಳಿಗೆ ಆಗಲೇ ಗೊತ್ತಾದದ್ದು, ಕೆನ್ನೆ ಒದ್ದೆಯಾಗಿದೆ ಎಂದು.

ಮಾವನ ಮನೆ ತಲುಪಿದಾಗ ನಾಲ್ಕೂಕಾಲು. ಒಳಗಿನಿಂದ, ಬಂದಿರುವುದು ಯಾರೆಂದು ಮಾವ ಅತ್ತೆಯನ್ನು ಕೇಳಿದರು. ಪಿಶಾಚಿ ಎಂದರು ಅತ್ತೆ. ಅವಳು ಮಾತಿಗೆ ಕಾಯದೆ ಕಾಗದವನ್ನು ಮಾವನ ಮೇಜಿನ ಮೇಲೆ ಹರವಿದಳು. ಮಾವ ಭೂತಗನ್ನಡಿ ಹಿಡಿದರು. ಹೊಳೆ, ಬಲದಂಡೆ, ಗುಡ್ಡ ಎನ್ನುವವರೆಗೆ ಅವರ ಮುಖ ಅರಳುತ್ತಲೇ ಹೋಯಿತು. ಮುಂದಿನ ಸಾಲಿಗೆ ಕನ್ನಡಿ ನಿಂತಿತು.

"ನೀರೇ ಇಲ್ಲ ಅಂತಾನಲ್ಲೇ ಇವನು."

"ಇಲ್ಲ ಮಾವ. ಅದಕ್ಕೇ ಕೋಟೆ ಇತ್ತು ಅಂತಿರೋದು ನಾನು," ಎಂದಳು, ಏದುಸಿರು ಇನ್ನೂ ಇಳಿದಿರಲಿಲ್ಲ. "ಬಾವಿ ಇತ್ತು ಅಂತ ಇವನೂ ಬರೆದಿದ್ರೆ, ಎಲ್ಲೋ ಕೇಳಿದ್ದನ್ನೇ ಬರೆದ ಅಂದುಬಿಡಬಹುದಿತ್ತು. ಇವನು ಅಲ್ಲಿಗೆ ಹೋಗಿದ್ದು ಬೆನ್ನು ನೋಡೋಕೆ. ಕೋಟೆ ಬಗ್ಗೆ ಸುಳ್ಳು ಹೇಳಿ ಇವನಿಗೆ ಏನಾಗಬೇಕಿತ್ತು?"

ಮಾವ ತಮ್ಮ ಬಳಿಯಿದ್ದ ಪ್ರತಿಯನ್ನು ಹತ್ತಿರ ಎಳೆದುಕೊಂಡರು. ಎಂಟನೇ ಅಧ್ಯಾಯದ ಒಡಲೆಲ್ಲ ಬಾವಿಯೇ. ಅದರ ದಂಡೆಯ ಮೇಲೆ ಸೈನಿಕರು ತಮ್ಮ ಊರುಗಳನ್ನು ನೆನೆಯುತ್ತ ಕೂತ ಪುಟವನ್ನು ಮನೆಗೆ ಬಂದವರಿಗೆಲ್ಲ ಓದಿ ಹೇಳಿದ್ದರು. ಕೊನೆಗೆ, ಆ ಪುಟ ಕೇಳಿ ನಿಮ್ಮತ್ತೆ ಕೂಡ ಅತ್ತಿದ್ದಳು ಎಂದು ಗೊಣಗಿದರು.

"ನಾನು ಈರುಳ್ಳಿ ಹೆಚ್ತಿದ್ದೆ," ಎಂದರು ಅತ್ತೆ ಬಾಗಿಲಿಂದ.

ಮಾವನಿಗೆ ನಗು ಬಂತು. ತಡೆಯಲು ನೋಡಿ ಸೋತರು. ಭೂತಗನ್ನಡಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. "ಆ ಗುಂಡಿ ಪಕ್ಕ ಕೂತಾಗ ನನಗೆ ವಿಪರೀತ ಬಾಯಾರಿಕೆ ಆಗಿತ್ತು ಕಣಮ್ಮ," ಎಂದರು ಮೆಲ್ಲಗೆ. "ಇಲ್ಲಿ ನೀರಿದ್ದಿರಲೇಬೇಕು ಅನ್ನಿಸಿಬಿಡ್ತು."

ಆಮೇಲೆ ಬಾವಿಯ ಪುಟಗಳನ್ನು ಒಂದೊಂದಾಗಿ ಬೇರ್ಪಡಿಸಿ ಬದಿಗಿಟ್ಟು, ನಿಮ್ಮ ಯಜಮಾನನಿಗೆ ಹೇಳು, ಅಧ್ಯಾಯ ಚಿಕ್ಕದಾಗುತ್ತೆ, ಆದರೆ ಇರುತ್ತೆ ಎಂದರು. ಅವಳು ಪಡಸಾಲೆಗೆ ಓಡಿ ಫೋನು ಹಚ್ಚಿದಳು. ಪಶುವೈದ್ಯ, ತಾರೀಖು, ಮೊಹರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಆ ಕಡೆಯಿಂದ ಸರಿ ಎನ್ನಿಸಿಕೊಂಡು ತಿರುಗಿ ಬಂದಳು.

ಮಾವ ಕೋಟೆಯ ನಕ್ಷೆ ಹರಡಿಕೊಂಡು ಬಗ್ಗಿದ್ದರು. ಬಾವಿಯ ನೀಲಿ ಸುತ್ತು ಅಲ್ಲಿರಲಿಲ್ಲ. ರಬ್ಬರಿನ ಪುಡಿ ಕಾಗದದ ಅಂಚಿಗೆ ಸರಿದಿತ್ತು. ಅವರ ಪೆನ್ಸಿಲು ಹೊಳೆಯ ದಡದಿಂದ ಹೊರಟು ಗುಡ್ಡದ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ದಾರಿಯೊಂದನ್ನು ಬರೆಯುತ್ತಿತ್ತು. ತಿರುವು ಬಂದಲ್ಲೆಲ್ಲ ಒಂದು ಗಳಿಗೆ ನಿಂತು, ಮತ್ತೆ ಹತ್ತುತ್ತಿತ್ತು.