ಕೋಲಿಲ್ಲದ ಬಾವುಟ

ಲಿವಾರಿಯ ಎಂಬ ದೇಶವೊಂದು ಭೂಮಿಯ ಮೇಲಿದೆ ಎಂದು ದೊಡ್ಡಬಳ್ಳಾಪುರದ ಪಿಳ್ಳಮ್ಮನಿಗೆ ಗೊತ್ತಾದದ್ದು ಅದರ ಬಾವುಟ ನೇಯುವ ಕೆಲಸ ಮನೆ ಬಾಗಿಲಿಗೆ ಬಂದಾಗಲೇ. ಅದರಲ್ಲಿ ಅವಳ ತಪ್ಪೇನಿಲ್ಲ. ಬೆಟ್ಟಗಳ ನಡುವಿನ ಅಂಗೈಯಗಲದ ದೇಶ. ತಲೆತಲಾಂತರದಿಂದ ಯಾರ ಪಕ್ಷವನ್ನೂ ಹಿಡಿಯದೆ ತನ್ನ ಪಾಡಿಗೆ ತಾನಿತ್ತು. ಜಗಳವಾಡದವರ ಹೆಸರು ಪೇಪರಿನಲ್ಲಿ ಯಾಕೆ ಬರುತ್ತದೆ?

ಆ ದೇಶದ ದೆಹಲಿ ಕಚೇರಿಯಿಂದ ಬಂದವನು ಯೋನಾಸ್. ಮೀಸೆ ಸರಿಯಾಗಿ ಬಲಿಯದ ಹುಡುಗ. ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದರೆ ಅವನು ಹೇಳಿದ ಕಾರಣಕ್ಕೆ ಪಿಳ್ಳಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ರೇಷ್ಮೆಯನ್ನು ಒಂದು ಕಡೆಯವರಲ್ಲಿ ಕೊಂಡರೆ ಇನ್ನೊಂದು ಕಡೆಯವರಿಗೆ ಸಿಟ್ಟಂತೆ. ಅದಕ್ಕೇ ಯಾರಿಗೂ ಸಿಟ್ಟು ಬಾರದ ದೊಡ್ಡಬಳ್ಳಾಪುರವಂತೆ! ಅವನ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುತ್ತಿದ್ದವಳು ಮಗಳು ಅರ್ಪಿತ. ಬಿ.ಕಾಂ. ಓದಿದ ಅವಳದು ಫೋನು, ವ್ಯವಹಾರ. ತಾಯಿಯದು ಎರಡು ಮಗ್ಗ.

ಬಾವುಟ ಮುಗಿಯುವವರೆಗೂ ಯೋನಾಸ್ ಮಗ್ಗದ ಪಕ್ಕದಲ್ಲೇ ಕೂತ. ಮುದ್ದೆಯನ್ನು ಅಗಿದು ಅಗಿದು ತಿಂದು ಮನೆಯವರನ್ನೆಲ್ಲ ನಗಿಸಿದ. ಅವಳನ್ನು ‘ಅಮ್ಮ’ ಎಂದು ಕರೆಯಲು ಕಲಿತ. ಗಂಡುಮಕ್ಕಳಿಲ್ಲದ ಪಿಳ್ಳಮ್ಮನಿಗೆ ಅಷ್ಟು ಸಾಕಾಯಿತು.

ಬಿಳಿ ಬಟ್ಟೆ, ನಡುವೆ ನೀಲಿ ಪಟ್ಟಿ, ಒಂದು ಬದಿಗೆ ಕೋಲು ತೂರಿಸಲು ಮಡಿಸಿ ಹೊಲಿದ ಗೂಡು.

“ಇದ್ದಕ್ಕಿದ್ದಂಗೆ ಯಾಕಪ್ಪಾ ಬಾವುಟ?” ಎಂದಳು.

ಲಿವಾರಿಯ ಈಗ ಹಲವು ದೇಶಗಳ ಸಹಕಾರ ಕೂಟಕ್ಕೆ ಸೇರಲು ಹೊರಟಿತ್ತು. ವ್ಯಾಪಾರ, ರಸ್ತೆ, ಔಷಧಿ ಎಲ್ಲ ಒಟ್ಟಿಗೆ. ಪಕ್ಕದ ದೊಡ್ಡ ದೇಶ ಗಡಿಯ ಕಣಿವೆಯೊಂದನ್ನು ನುಂಗಿ ನೀರು ಕುಡಿದಿತ್ತು. ಒಂಟಿಯಾಗಿದ್ದರೆ ನಾಳೆ ಇನ್ನೊಂದನ್ನೂ ನುಂಗುತ್ತದೆಂದು ಜನಕ್ಕೆ ಹೆದರಿಕೆ. ಸೇರುವ ದಿನ ಕೂಟದ ಕಚೇರಿಯ ಮುಂದೆ ಹಾರಿಸಲು ಈ ರೇಷ್ಮೆ ಬಾವುಟ.

“ನಮ್ಮ ಸ್ತ್ರೀಶಕ್ತಿ ಸಂಘ ಇದ್ದಂಗೆ ಅನ್ನು,” ಎಂದಳು ಪಿಳ್ಳಮ್ಮ. “ಇಲ್ಲಿ ಒಬ್ಬಳು ಸಾಲದ ಕಂತು ಕಟ್ಟಲಿಲ್ಲ ಅಂದ್ರೆ ಮಿಕ್ಕೋರೆಲ್ಲ ಸೇರಿ ಕಟ್ಬೇಕು. ಅಲ್ಲೂ ಹಂಗೇನಾ ಕೇಳಮ್ಮಿ.”

ಅರ್ಪಿತ ಕೇಳಿದಳು. ಯೋನಾಸನ ನಗು ನಿಂತಿತು. ಹೌದು, ಒಬ್ಬರ ಮೇಲೆ ಯುದ್ಧ ಬಿದ್ದರೆ ಎಲ್ಲರೂ ಹೋಗಬೇಕು. ಅವನ ದೇಶದಲ್ಲಿ ಪ್ರತಿ ಹುಡುಗನೂ ಕವಾಯತು ಕಲಿತ ಸಿಪಾಯಿಯೇ. ತಾತನ ಕಾಲದಿಂದ ಯಾರನ್ನೂ ಕರೆದಿರಲಿಲ್ಲ, ಅಷ್ಟೇ.

“ಹಂಗಾದ್ರೆ ನಿನ್ನೂ ಕರೀತಾರಾ?”

“ಕರೆದರೆ ಹೋಗ್ತೀನಿ, ಅಮ್ಮ,” ಎಂದ, ಕಲಿತ ಕನ್ನಡದಲ್ಲೇ.

ಮಗ್ಗದಿಂದ ಇಳಿದ ಬಟ್ಟೆಯ ಮೂಲೆಗೆ ಅರಿಶಿನ ಇಡುವುದು ಪಿಳ್ಳಮ್ಮನ ಅತ್ತೆಯ ಕಾಲದ ರೂಢಿ. ಸಾವಿನ ಬಟ್ಟೆಯನ್ನು ಈ ಮನೆಯಲ್ಲಿ ನೇಯಬಾರದು ಎಂಬುದೂ ಅತ್ತೆಯದೇ ಮಾತು. ಗಂಡ ಹೋದ ಮೇಲೆ ಪಿಳ್ಳಮ್ಮ ತನ್ನ ಕೆನ್ನೆಗೆ ಅರಿಶಿನ ಹಚ್ಚುವುದನ್ನು ಬಿಟ್ಟಿದ್ದಳು, ಬಟ್ಟೆಗೆ ಬಿಟ್ಟಿರಲಿಲ್ಲ. ಬಾವುಟದ ಮೂಲೆಗೂ ಬೆರಳೊತ್ತಿ, “ತಣ್ಣಗಿರ್ರಪ್ಪಾ,” ಎಂದು ಅವನ ಕೈಗಿಟ್ಟಳು.

ಸೇರುವುದೇನು ಸುಲಭವೇ? ಊರೂರಲ್ಲಿ ಮತ ಹಾಕಿಸಿದರು. ಕೂದಲೆಳೆಯ ಅಂತರದಲ್ಲಿ ‘ಸೇರೋಣ’ ಗೆದ್ದಿತು. ಆಮೇಲೆ ಕೂಟದ ಪ್ರತಿ ದೇಶವೂ ಒಪ್ಪಿ ಸಹಿ ಹಾಕಬೇಕು. ಒಂದು ದೇಶ ಮಾತ್ರ ಮದುವೆಮನೆಯಲ್ಲಿ ಮುನಿಸಿಕೊಂಡ ಸೋದರಮಾವನ ಹಾಗೆ ಮುಖ ತಿರುಗಿಸಿ ಕೂತು, ಬೇಕಾದದ್ದನ್ನೆಲ್ಲ ಕಿತ್ತುಕೊಂಡ ಮೇಲೆ ಸಹಿ ಹಾಕಿತು. ಅಲ್ಲಿಯವರೆಗೆ ಬಾವುಟ ಯೋನಾಸನ ಬೀರುವಿನಲ್ಲಿತ್ತು. ಕೊನೆಗೊಂದು ದಿನ ಅದು ಕಂಬವೇರುವ ವಿಡಿಯೊ ಕಳಿಸಿದ. ಪಿಳ್ಳಮ್ಮ ಅದನ್ನು ಬೀದಿಗೆಲ್ಲ ತೋರಿಸಿಕೊಂಡು ಬಂದಳು.

ವರ್ಷ ತುಂಬುವುದರೊಳಗೆ ಕೂಟದ ಇನ್ನೊಂದು ತುದಿಯ ದೇಶದಲ್ಲಿ ಯುದ್ಧ ಹತ್ತಿಕೊಂಡಿತು. ಲಿವಾರಿಯದವರೇ ನಕ್ಷೆಯಲ್ಲಿ ಹುಡುಕಬೇಕಾದ ಜಾಗ. ಯೋನಾಸ್ ಸಿಪಾಯಿ ಬಟ್ಟೆ ತೊಟ್ಟ ಫೋಟೊ ಕಳಿಸಿದ. ಆಮೇಲೆ ಏನೂ ಬರಲಿಲ್ಲ.

ಬಂದದ್ದು ಹೊಸ ಆರ್ಡರು, ಲಿವಾರಿಯದ ಯಾವುದೋ ಕಚೇರಿಯಿಂದ. ಬಾವುಟ ಬೇಕು, ಬೇಗ ಬೇಕು, ನೇಯ್ದಷ್ಟೂ ಬೇಕು. ಉದ್ದ ಜಾಸ್ತಿ ಇರಲಿ. ಕೋಲಿನ ಗೂಡು ಬೇಡ.

“ಕೋಲಿಲ್ದೆ ಹೆಂಗೆ ಹಾರಿಸ್ತಾರಮ್ಮಿ?”

“ಗೋಡೆಗೆ ತೂಗಾಕ್ತಾರೇನೋ, ಬಿಡಮ್ಮ,” ಎಂದ ಅರ್ಪಿತ ಫೋನಿನಿಂದ ತಲೆಯೆತ್ತಲಿಲ್ಲ.

ಸೀರೆಗೆ ಗಿರಾಕಿಯಿಲ್ಲದೆ ನಿಂತಿದ್ದ ಮಗ್ಗಗಳು ಮತ್ತೆ ಓಡಿದವು. ಮನೆಮನೆಗೂ ಬಾವುಟ ಬೇಕೆಂದರೆ ಆ ದೇಶದಲ್ಲಿ ಹಬ್ಬವೇ ಇರಬೇಕು ಎಂದುಕೊಂಡ ಪಿಳ್ಳಮ್ಮ ಒಂದೊಂದರ ಮೂಲೆಗೂ ಅರಿಶಿನ ಇಟ್ಟಳು, ಒಂದೊಂದಕ್ಕೂ ‘ತಣ್ಣಗಿರ್ರಪ್ಪಾ’ ಎಂದಳು. ಹುಚ್ಚು ಹೆಂಗಸು, ಒಂದನ್ನೂ ಬಿಡಲಿಲ್ಲ.

ಅರ್ಪಿತ ಸ್ನಾನಕ್ಕೆ ಹೋಗಿದ್ದಾಗ ಫೋನು ಸದ್ದು ಮಾಡಿತು. ಯೋನಾಸನ ಹೆಸರು ಕಂಡು ಪಿಳ್ಳಮ್ಮನೇ ಒತ್ತಿದಳು. ಅವನ ಫೋನಿನಿಂದ ಕಳಿಸಿದವಳು ಅವನ ತಂಗಿ ಎಂಬುದು ಆಮೇಲೆ ಗೊತ್ತಾಯಿತು. ವಿಡಿಯೊದಲ್ಲಿ ಚರ್ಚಿನ ಅಂಗಳ, ಸಾಲಾಗಿ ಮರದ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮೇಲೂ ಬಿಳಿ ಬಟ್ಟೆ, ನೀಲಿ ಪಟ್ಟಿ. ಒಂದರ ಮುಂದೆ ಯೋನಾಸನ ನಗುವ ಫೋಟೊ ಇಟ್ಟಿದ್ದರು. ಆ ಬಟ್ಟೆಯ ಮೂಲೆಯಲ್ಲಿ ಹಳದಿ ಬೊಟ್ಟು, ಅವಳದೇ ಬೆರಳಿನದು.

ತಲೆ ಒರೆಸಿಕೊಳ್ಳುತ್ತ ಬಂದ ಮಗಳು ಬಾಗಿಲಲ್ಲೇ ನಿಂತಳು.

“ನಿಂಗೊತ್ತಿತ್ತಾ?”

“ಪೆಟ್ಟಿಗೆಗೆ ಅಂತ ಗೊತ್ತಿತ್ತಮ್ಮ. ಅವನಿಗೆ ಅಂತ ಗೊತ್ತಿರ್ಲಿಲ್ಲ.”

ಹೊಡೆಯಲು ಎತ್ತಿದ ಕೈ ಪಿಳ್ಳಮ್ಮನ ಸ್ವಂತ ತಲೆಯ ಮೇಲೇ ಬಿತ್ತು. ಹೊಟ್ಟೆಯಲ್ಲಿ ಹುಟ್ಟಿದವನಿಗಾಗಿ ಅಳುವ ಹಾಗೆ ಅತ್ತಳು. ಮಗ್ಗದ ಕಡೆ ತಿರುಗಿಯೂ ನೋಡಲಿಲ್ಲ.

ವಾರ ಕಳೆದು ಕಚೇರಿಯಿಂದ ಮತ್ತೆ ಮೆಸೇಜು ಬಂತು. ಅರ್ಪಿತ ಮೆಲ್ಲಗೆ ಓದಿ ಹೇಳಿದಳು. ಬಾವುಟಗಳು ಇನ್ನೂ ಬೇಕು. ಆದರೆ ಹೋದ ಸಲದ ಮಾಲಿನ ಮೂಲೆಯಲ್ಲೆಲ್ಲ ಹಳದಿ ಕಲೆ ಇತ್ತು. ಈ ಸಲ ಹಾಗಾಗಕೂಡದು.

“ಕಲೆ ಅಲ್ಲ ಅಂತ ಬರಿ,” ಎಂದಳು ಪಿಳ್ಳಮ್ಮ. “ಅದು ಅರಿಶಿನ, ಚೆನ್ನಾಗಿರ್ಲಿ ಅಂತ ಇಟ್ಟಿದ್ದು ಅಂತ ಬರಿ.”

ಅರ್ಪಿತ ಬರೆಯತೊಡಗಿದಳು.

“ಬ್ಯಾಡ, ಅಳಿಸು. ಚೆನ್ನಾಗಿರ್ಲಿಲ್ವಲ್ಲ. ತಪ್ಪಾಯ್ತು ಅಂತ ಬರಿ.”

“ಆಗಲ್ಲ ಅಂದ್ಬಿಡೋಣಮ್ಮ. ಸಾವಿನ ಬಟ್ಟೆ ನೇಯಬಾರ್ದು ಅಂತ ಅಜ್ಜಿ ಮಾತು ಒಂದಿತ್ತಲ್ಲ.”

“ಆಗಲ್ಲ ಅಂದ್ರೆ ಪೆಟ್ಟಿಗೆ ಬರೋದು ನಿಂತೋಗ್ತದಾ? ಯಾರ್ ಹೆತ್ತ ಮಕ್ಕಳೋ. ಬರೀ ಮರದಲ್ಲಿ ಕಳಿಸಕ್ಕಾಗ್ತದಾ?”

ಅವಳು ಎದ್ದು ಬಚ್ಚಲಿಗೆ ಹೋದಳು. ಬೆರಳ ತುದಿಗೆ ಹತ್ತಿದ್ದ ಹಳೆಯ ಹಳದಿಯನ್ನು ಸೋಪು ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ತೊಳೆದಳು. ಬಿಳಿ ನೂಲಿಗೆ ತಾಗದಷ್ಟು ಹೋಯಿತೆಂದು ಖಾತರಿಯಾದ ಮೇಲೆ ಮಗ್ಗದ ಮುಂದೆ ಕೂತಳು.