ಹೊಂಗೆಸೊಪ್ಪು ಹಾಕಿದ ದಾರಿ

ಇದ್ದಿಲು ಬಸ್ಸು ಅಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಯುದ್ಧದ ಕಾಲದಲ್ಲಿ ಪೆಟ್ರೋಲು ಕಣ್ಣಿಗೆ ಹಾಕಿಕೊಳ್ಳೋಣ ಅಂದರೂ ಸಿಗದೆ ಹೋದಾಗ, ಬೆನ್ನಿಗೊಂದು ಒಲೆ ಕಟ್ಟಿಕೊಂಡು ಮದ್ದೂರಿನಿಂದ ಹೊಳೆಸಾಲಿಗೆ ಜನರನ್ನು ಹೊತ್ತು ತಂದದ್ದು ಅದೇ ಬಸ್ಸು. ಅರಳಿಕಟ್ಟೆಯ ತನಕ ಅದು ಬರುತ್ತಿತ್ತು. ಅಲ್ಲಿಂದಾಚೆಗೆ ಅವರವರ ಕಾಲೇ ಅವರವರಿಗೆ ಗತಿ. ಕಟ್ಟೆಯಿಂದ ಕೋಳಿಯ ಬೆರಳಿನ ಹಾಗೆ ದಾರಿಗಳು ಒಡೆದುಕೊಂಡು, ಹೊಲದ ಬದು, ಹುಣಸೆ ತೋಪು, ಹೊಳೆಯ ಮರಳು ಎಲ್ಲವನ್ನೂ ದಾಟಿ ಊರೂರಿಗೆ ಹೋಗುತ್ತಿದ್ದವು.

ಆ ಬಸ್ಸಿನ ಮೆಕ್ಯಾನಿಕ್ಕು ಮಜೀದ್. ಇಂಜಿನ್ನು ಒಂದು ಸಲ ಕೆಮ್ಮಿದರೆ ಸಾಕು, ಎಲ್ಲಿ ಸಡಿಲಾಗಿದೆ ಎಂದು ಕೂತಲ್ಲೇ ಹೇಳುವ ಆಸಾಮಿ. ಆದರೆ ರಸ್ತೆ ಬಿಟ್ಟು ಹತ್ತು ಮಾರು ಇಳಿದರೆ ಅವನಿಗೆ ಮೂಡಲು ಯಾವುದು, ಪಡುವಲು ಯಾವುದು ತಿಳಿಯುತ್ತಿರಲಿಲ್ಲ. ಅಂಥವನು ಆ ಬೇಸಿಗೆಯ ಮೊದಲಲ್ಲಿ ಅಳಿಯನ ಊರಾದ ಹೊಳೆದಡದ ಹಳ್ಳಿಯಿಂದ ತುಂಬು ಬಸುರಿ ಮಗಳನ್ನು ನಡೆಸಿಕೊಂಡು ಬಸ್ಸಿಗೆ ಬರಬೇಕಾಯಿತು.

ಮಗಳು ಕುಲ್ಸುಮ್. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು. ಆದರೆ ತವರು ಎಂದರೆ ತಾಯಿಯಲ್ಲವೇ? ತಾಯಿ ನೂರುನ್ನೀಸಾ ಕುಲ್ಸುಮಳನ್ನು ಹೆತ್ತ ದಿನವೇ, ಸೂಲಗಿತ್ತಿ ಬರುವುದು ತಡವಾಗಿ, ಕಣ್ಣುಮುಚ್ಚಿದ್ದಳು. ಅಂದಿನಿಂದ ಮಜೀದನ ಎದೆಯಲ್ಲಿ ಒಂದೇ ಭಯ ಕೂತಿತ್ತು: ಮಗಳ ಸರದಿ ಬಂದಾಗಲೂ ಕೈಹಿಡಿಯುವವರು ಇಲ್ಲದೆ ಹೋದರೆ? ಮದ್ದೂರಿನ ಮನೆಯಲ್ಲಿ ಅವನ ಅಕ್ಕ ಫಕ್ರುನ್ನೀಸಾ ನೀರು, ಬಟ್ಟೆ, ಸೂಲಗಿತ್ತಿ ಎಲ್ಲವನ್ನೂ ಸಿದ್ಧಮಾಡಿ ಕಾಯುತ್ತಿದ್ದಳು. ಅಳಿಯ ಅಕ್ರಂ ಪಾಷಾ ಕುರಿ ಕೊಳ್ಳಲು ಬಂಡೂರಿಗೆ ಹೋಗಿದ್ದವನು ಇನ್ನೂ ಬಂದಿರಲಿಲ್ಲ. ಆದದ್ದಾಗಲಿ ಎಂದು ಮಜೀದನೇ ಹೊರಟು ಬಂದಿದ್ದ.

ಬೆಳಿಗ್ಗೆ ಬಸ್ಸಿಳಿಯುವಾಗ ಡ್ರೈವರ್ ಪುಟ್ಟರಾಜುವಿಗೆ ಹೇಳಿದ್ದ: "ಲೇ, ಮಗಳು ಜಾಸ್ತಿ ನಡೆಯಾಕಾಗಕಿಲ್ಲ. ಬಂಡಿ ಜಾಡಲ್ಲಿ ಎಷ್ಟು ಒಳಕ್ಕೆ ಬರಾಕಾಯ್ತದೋ ಅಷ್ಟು ತಂದು ನಿಲ್ಸು. ನಿಲ್ಸಿದ ಕಡೆ ಗುರುತು ಆಕು."

"ಆಕ್ತೀನಿ ಓಗ್ಲಾ, ಅದನ್ನೂ ಏಳ್ಬೇಕಾ?" ಅಂದಿದ್ದ ಪುಟ್ಟರಾಜು.

ಗುರುತು ಅಂದರೆ ಬಸ್ಸಿನವರಿಗೆ ಒಂದೇ. ಗಾಡಿ ನಿಂತರೆ ಹಸಿರು ಕೊಂಬೆ ಮುರಿದು, ಅದರ ಮೇಲೊಂದು ಕಲ್ಲು ಹೇರಿ ದಾರಿಗೆ ಹಾಕುವುದು. 'ಮುಂದೆ ಗಾಡಿ ನಿಂತಿದೆ' ಎಂದು ಅದರ ಅರ್ಥ. ಮಜೀದ್ ತನ್ನ ಜನ್ಮದಲ್ಲಿ ಅಂಥ ಕೊಂಬೆ ಎಷ್ಟು ಮುರಿದಿದ್ದನೋ ಲೆಕ್ಕವಿಲ್ಲ.

ಹೀಗಾಗಿ, ಬಿಸಿಲೇರುವ ಹೊತ್ತಿಗೆ ಬಂಡಿ ಜಾಡು ಎರಡಾಗಿ ಒಡೆದ ಜಾಗದಲ್ಲಿ, ಎಡಗಡೆಯ ದಾರಿಗೆ ಅಡ್ಡಲಾಗಿ ಹೊಸ ಹೊಂಗೆಸೊಪ್ಪು, ಅದರ ಮೇಲೊಂದು ಕಲ್ಲು ಕಂಡದ್ದೇ ತಡ, ಅವನ ಮುಖ ಅರಳಿತು.

"ನೋಡಿದೆಯಾ ಮಗಳೇ? ಪುಟ್ಟರಾಜು ಇಲ್ಲೇ ತಂದು ನಿಲ್ಲಿಸಿದ್ದಾನೆ."

ಕುಲ್ಸುಮ್ ಅನುಮಾನಿಸಿದಳು. "ಅಬ್ಬಾ, ಹಳ್ಳಿಯವರು ಹೋಗಬಾರದ ದಾರಿಗೆ ಹೀಗೆ ಸೊಪ್ಪು ಹಾಕುತ್ತಾರೆ. ನಮ್ಮತ್ತೆ ಹೇಳಿದ್ದರು."

"ನಿಮ್ಮತ್ತೆ ಬಸ್ಸಿನ ಅಡಿಯಲ್ಲಿ ಮಲಗಿದ್ದಾರಾ ಯಾವತ್ತಾದರೂ? ನಡಿ ನಡಿ."

ಬುದ್ಧಿವಂತನಿಗೆ ಮೂರು ಕಡೆ ಕೊಳೆ ಅಂತ ಗಾದೆ. ಮಜೀದನಿಗೆ ಆ ಕೊಳೆ ಮೇಲಿನಿಂದಲೇ ಬಿತ್ತು. ಸ್ವಲ್ಪ ದೂರ ನಡೆದಿದ್ದರಷ್ಟೇ, ಅವನ ಟೋಪಿಯ ಮೇಲೆ ಪಚಕ್ಕನೆ ಏನೋ ಬಿತ್ತು. ತಲೆಯೆತ್ತಿದರೆ, ಅಬ್ಬಬ್ಬಾ! ಸಾಲು ಹುಣಸೆಮರಗಳು, ಕೊಂಬೆ ಕೊಂಬೆಗೂ ಗೂಡು, ಗೂಡು ಗೂಡಿಗೂ ಕೊಕ್ಕರೆ. ಹಳದಿ ಕೊಕ್ಕಿನ ದೊಡ್ಡ ದೊಡ್ಡ ಹಕ್ಕಿಗಳು ಕತ್ತು ಚಾಚಿ ಇವರನ್ನೇ ನೋಡುತ್ತಿದ್ದವು. ಮರದಡಿಯ ನೆಲವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಬಸ್ಸಿನ ಸುಳಿವೇ ಇರಲಿಲ್ಲ.

ಅಷ್ಟರಲ್ಲಿ ಕುಲ್ಸುಮ್ ಅವನ ತೋಳನ್ನು ಗಟ್ಟಿಯಾಗಿ ಹಿಡಿದು ಕೂತುಬಿಟ್ಟಳು. "ಅಬ್ಬಾ, ನೋವು. ಬೆಳಿಗ್ಗೆಯಿಂದಲೂ ಇತ್ತು. ಬಸ್ಸಿನವರೆಗೆ ತಡೆದುಕೊಳ್ಳೋಣ ಅಂತ ಹೇಳಲಿಲ್ಲ."

ಮಜೀದ್ ಸುತ್ತಮುತ್ತ ನೋಡಿದ. ದಾರಿ ತಪ್ಪಿದ್ದಾನೆ, ಅರಳಿಕಟ್ಟೆ ಯಾವ ದಿಕ್ಕಿಗೋ, ಹತ್ತಿರದಲ್ಲಿ ಒಂದು ಹೆಂಗಸಿಲ್ಲ. 'ಯಾ ಅಲ್ಲಾ, ಇನ್ನೊಂದು ಸಲ ಬೇಡ' ಎಂದು ಬಾಯಿಬಿಟ್ಟು ಅತ್ತೇಬಿಟ್ಟ. ಹಕ್ಕಿಗಳು ಗಾಬರಿಬಿದ್ದು ರೆಕ್ಕೆ ಬಡಿದವು.

ಆ ಸದ್ದಿಗೆ ಮರಗಳಾಚೆಯಿಂದ ಮುದುಕಿಯೊಬ್ಬಳು ಕೋಲು ಹಿಡಿದು ಬಿರುಗಾಳಿಯ ಹಾಗೆ ಬಂದಳು. ಅವಳು ಸೋಮಮ್ಮ, ಊರು ಕೊಕ್ಕರೆ ಬೆಳ್ಳೂರು.

"ಯಾವನ್ಲಾ ಅದು! ಕಣ್ಣೇನ್ ಇಂಗೋದ್ವಾ? ಸೊಪ್ಪು ಆಕಿರೋದು ಕಾಣಾಕಿಲ್ವಾ? ಮರೀ ಮಾಡಿರೋ ಕಾಲ ಕಣ್ಲಾ, ಗೂಡಿಂದ ಬಿದ್ರೆ ನೀನ್ ಎತ್ತಿ ಮಡಗ್ತೀಯಾ? ನಮ್ಮೂರ ಎಣ್ಮಕ್ಳು ಇವು, ಬಾಣಂತನಕ್ಕೆ ಅಂತ ತವರಿಗೆ ಬಂದಿರೋವು! ನಾವೇ ಈ ದಾರೀಲಿ ಸದ್ದು ಮಾಡ್ದೆ ತಿರುಗಾಡ್ತೀವಿ..."

ಬೈಗುಳ ಅಲ್ಲಿಗೇ ನಿಂತಿತು. ನೆಲದ ಮೇಲೆ ಕೂತ ಕುಲ್ಸುಮ್ ಅವಳ ಕಣ್ಣಿಗೆ ಬಿದ್ದಿದ್ದಳು.

ಕೋಲು ಬಿಸಾಡಿ ಸೋಮಮ್ಮ ಹುಡುಗಿಯ ಪಕ್ಕ ಕುಕ್ಕರಿಸಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. "ಅಯ್ಯೋ ನನ್ ಕಂದ! ಇನ್ನೊಂದು ಗಂಟೇನೂ ತಡೆಯಾಕಿಲ್ಲ ಇದು. ಏಳವ್ವಾ, ನನ್ ಎಗಲ ಮ್ಯಾಲೆ ಕೈಯಾಕು. ಮನೆ ಇಲ್ಲೇ ಐತೆ."

"ಅಮ್ಮ, ನಾವು ಸಾಬರು..." ಮಜೀದ್ ತೊದಲಿದ.

"ಟೋಪಿ ಕಾಣ್ತಾ ಐತೆ ಕಣಪ್ಪ, ಮ್ಯಾಲೆ ಬಿದ್ದಿರೋದೂ ಕಾಣ್ತಾ ಐತೆ. ಎರಿಗೆಗೆ ಬಂದೋರ್ನ ವಾಪಸ್ ಕಳ್ಸೋ ರೂಢಿ ನಮ್ಮೂರಲ್ಲಿಲ್ಲ. ಸುಮ್ಕೆ ಆ ಕಡೆ ಇಡ್ಕೋ."

ಸೋಮಮ್ಮನೇ ಆ ಊರಿನ ಸೂಲಗಿತ್ತಿ. ಇದಕ್ಕೆ ಏನನ್ನಬೇಕೋ ನೀವೇ ಹೇಳಿ.

ಮಜೀದ್ ಜಗಲಿಯ ಮೇಲೆ ಕೂತ. ಒಳಗೆ ಮಗಳು ಕೂಗಿದಾಗಲೆಲ್ಲ ಅವನು ಎದ್ದು ನಿಲ್ಲುವನು, ಮತ್ತೆ ಕೂರುವನು. ಸೋಮಮ್ಮನ ಸೊಸೆ ದೇವಿರಮ್ಮ ಒಂದು ಚೊಂಬು ಮಜ್ಜಿಗೆ ತಂದಿಟ್ಟು ಹೋದಳು. ಅದು ಹಾಗೇ ಇತ್ತು. ನೂರುನ್ನೀಸಾಳ ಮುಖ ಕಣ್ಣ ಮುಂದಿನಿಂದ ಕದಲಲೊಲ್ಲದು. ಅವತ್ತೂ ಹೀಗೇ ಬಾಗಿಲ ಹೊರಗೆ ಕೂತಿದ್ದ. ಈಗಲೂ ಕೊನೆಕೊನೆಗೆ ಒಳಗಿನ ಕೂಗು ಪೂರ್ತಿ ನಿಂತುಹೋಯಿತು. ಅವನು ಎದ್ದು ಬಾಗಿಲಿಗೆ ಕಿವಿಯಿಟ್ಟ. ಆಮೇಲೆ ಸಣ್ಣಗೆ, ಕುಯ್ಯೋ ಎಂದು, ಹೊಸದೊಂದು ಅಳು.

ಸೋಮಮ್ಮ ಬಾಗಿಲಿಗೆ ಬಂದಳು. "ಎಣ್ಣು ಕಣಪ್ಪ. ತಾಯೂ ಚೆಂದಾಗವ್ಳೆ, ಮಗೀನೂ ಚೆಂದಾಗೈತೆ. ಕರುಳಬಳ್ಳಿ ಕತ್ತಿಗೆ ಸುತ್ಕಂಡಿತ್ತು. ದಾರೀಲೋ ಬಸ್ಸಲ್ಲೋ ಆಗಿದ್ರೆ..." ಎಂದು ಮಾತು ನುಂಗಿ, "ಬುಡು, ಆಗ್ಲಿಲ್ವಲ್ಲ" ಅಂದಳು.

ಮಜೀದ್ ಅವಳ ಕಾಲಿಗೆ ಬೀಳಹೋದ. ಅವಳು ಹಿಂದಕ್ಕೆ ಸರಿದು, "ಅದೆಲ್ಲ ಬ್ಯಾಡ, ಮದ್ಲು ಮಜ್ಜಿಗೆ ಕುಡಿ" ಎಂದು ಗದರಿದಳು.

ಅಷ್ಟು ಹೊತ್ತಿಗೆ ಪುಟ್ಟರಾಜು ಹುಡುಕಿಕೊಂಡು, ಬೆವರಿಳಿಸುತ್ತ ಬಂದ. "ಲೇ ಮಜೀದಾ! ಬಸ್ಸು ಕಟ್ಟೆ ತಾವೇ ಕೆಟ್ಟು ನಿಂತೈತೆ. ನೀನ್ ಇಲ್ಲೇನ್ಲಾ ಮಾಡ್ತಿದ್ದೀಯಾ?"

"ಮತ್ತೆ ಆ ಸೊಪ್ಪು?"

"ಯಾವ ಸೊಪ್ಪು? ನಾನೆಲ್ಲಿ ಆಕ್ದೆ?"

ಮಜೀದ್ ಅಳುತ್ತಲೇ ನಗತೊಡಗಿದ. ಸರಿಯಾದ ದಾರಿ ಹಿಡಿದಿದ್ದರೆ ಮಗಳು ಕೆಟ್ಟು ನಿಂತ ಬಸ್ಸಿನ ಪಕ್ಕದಲ್ಲಿ ಹೆರಬೇಕಿತ್ತು. ತನ್ನ ತಪ್ಪಿಗೆ ತಾನೇ ಕೈಮುಗಿಯುವ ದಿನ ಬರುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಸುದ್ದಿ ತಿಳಿದು ಅಕ್ರಂ ಪಾಷಾ ಬಂದ, ಫಕ್ರುನ್ನೀಸಾ ಬಂದಳು. ಯಾರು ಬಂದರೂ ಸೋಮಮ್ಮ ತಿಂಗಳು ತುಂಬುವ ತನಕ ಬಾಣಂತಿಯನ್ನು ಕಳಿಸಲಿಲ್ಲ. ಮಗುವಿಗೆ ನೂರುನ್ನೀಸಾ ಎಂದೇ ಹೆಸರಾಯಿತು. ಊರಿನವರ ಬಾಯಲ್ಲಿ ಮಾತ್ರ ಅದು ಕೊಕ್ಕರೆಮರಿ. ಹೊರಡುವ ದಿನ ಸೋಮಮ್ಮ ಕುಲ್ಸುಮಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬಿದಳು. ತಾಯಿ ಮಗಳಿಗೆ ಮಾಡುವ ಕೆಲಸ ಅದು. ಕುಲ್ಸುಮ್ ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ಅದುವರೆಗೂ ಯಾರೂ ಮಡಿಲು ತುಂಬಿರಲಿಲ್ಲ.

ಮರುವರ್ಷ, ಮತ್ತೆ ಕೊಕ್ಕರೆಗಳು ಮರಿ ಮಾಡಿದ ಕಾಲದಲ್ಲಿ, ಮಜೀದ್ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಅರಳಿಕಟ್ಟೆಯಲ್ಲಿ ಇಳಿದ. ಅವರು ಕವಲಿಗೆ ಬಂದಾಗ ಬೆಳ್ಳೂರಿನ ದಾರಿಗೆ ಹೊಸ ಹೊಂಗೆಸೊಪ್ಪು ಬಿದ್ದಿತ್ತು. ಈ ಸಲ ಅವನು ಪೆಟ್ಟು ತಿಂದು ಕಲಿತವನು. "ಸುತ್ತಿಕೊಂಡು ಹೋಗೋಣ ಮಗಳೇ" ಅಂದ. ಸುಡುಬಿಸಿಲಲ್ಲಿ ಹೊಲದ ಬದುಗಳ ಮೇಲೆಲ್ಲ ಬಳಸಿ, ಬಾಯಾರಿ, ಊರಿನ ಆಚೆ ತುದಿಯಿಂದ ಸೋಮಮ್ಮನ ಜಗಲಿಗೆ ಬಂದು ಮುಟ್ಟಿದರು.

ಮುದುಕಿ ಮಗುವನ್ನು ಕಸಿದು ಎದೆಗೊತ್ತಿಕೊಂಡಳು. ಆಮೇಲೆ ಇವರ ಬೆವರು ನೋಡಿ, "ಯಾಕ್ ಆ ಕಡೆಯಿಂದ ಬಂದ್ರಿ?" ಎಂದು ಕೇಳಿದಳು.

"ದಾರಿಗೆ ಸೊಪ್ಪು ಹಾಕಿತ್ತಲ್ಲಮ್ಮಾ" ಅಂದಳು ಕುಲ್ಸುಮ್.

ಸೋಮಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಥೂ ನಿನ್ನ! ಸೊಪ್ಪು ಆಕೋದು ಒರಗ್ನೋರ್ಗೆ ಕಣಮ್ಮ. ಮಗಳಿಗಾ?"

ಕುಲ್ಸುಮ್ ಸೋಮಮ್ಮನ ಭುಜಕ್ಕೆ ಮುಖವಿಟ್ಟು ನಿಂತುಬಿಟ್ಟಳು.

ಸಂಜೆ ಬಸ್ಸಿಗೆ ಹೊರಟಾಗ ಅವರು ಹುಣಸೆಮರಗಳ ಅಡಿಯಲ್ಲೇ, ಸದ್ದಿಲ್ಲದೆ, ಮೆಲ್ಲನೆ ನಡೆದು ಬಂದರು. ಕವಲಿನಲ್ಲಿ ಮಜೀದ್ ಸೊಪ್ಪು ಸರಿಸಿ ಮಗಳನ್ನು ದಾಟಿಸಿದ. ಬಿಸಿಲಿಗೆ ಆ ಸೊಪ್ಪು ಬಾಡಿಹೋಗಿತ್ತು. ಅವನು ಪಕ್ಕದ ಹೊಂಗೆಯಿಂದ ಹಸಿರು ಕೊಂಬೆಯೊಂದನ್ನು ಮುರಿದು ತಂದು, ದಾರಿಗೆ ಅಡ್ಡ ಹಾಕಿ, ಅದರ ಮೇಲೆ ಕಲ್ಲಿಟ್ಟ.